ಕ್ರೈಸ್ತಶ್ರದ್ಧೆಯ ಸಹಯಾತ್ರೆ: ಚಿತ್ರದುರ್ಗ ಸೀಮೆಯ ಸಭಾಜೀವನ

ಕ್ರೈಸ್ತಶ್ರದ್ಧೆಯ ಸಂದರ್ಭದಲ್ಲಿ ಸಹಯಾತ್ರೆ ಎಂಬ ಮಾತು, ಒಬ್ಬ ಮನುಷ್ಯನಿಗೂ ಅವನ ದೇವರಿಗೂ ನಡುವೆ ಏಕಾಂತದಲ್ಲಿ ಆರಂಭವಾಗಿ ಏಕಾಂತದಲ್ಲಿಯೇ ಮುಗಿದುಹೋಗುವ ಸಂಬಂಧಕ್ಕೆ ಭಕ್ತಿಯನ್ನು ಸೀಮಿತಗೊಳಿಸದೆ, ಅನೇಕರು ಒಬ್ಬರ ಭಾರವನ್ನೊಬ್ಬರು ಹೊತ್ತು, ಒಬ್ಬರ ಕುಂದನ್ನೊಬ್ಬರು ತಿದ್ದಿ, ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, ಒಂದೇ ಗುರಿಯ ಕಡೆಗೆ ನಡೆಯತಕ್ಕ ಪಯಣವೆಂದು ಅದನ್ನು ಗ್ರಹಿಸುವ ಪರಂಪರೆಯನ್ನು ಸೂಚಿಸುತ್ತದೆ. ಆ ಪರಂಪರೆಯ ಮೂಲವನ್ನೂ, ಅದು ಮೈಸೂರು ಸಂಸ್ಥಾನಕ್ಕೆ ಬಂದ ದಾರಿಯನ್ನೂ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ತಾಲ್ಲೂಕುಗಳ ಬಯಲಿನಲ್ಲಿ ಅದು ತಳೆದ ರೂಪವನ್ನೂ ಇಲ್ಲಿ ವಿವೇಚಿಸಲಾಗಿದೆ. ಹೊಸದುರ್ಗವೆಂಬ ಹೆಸರಿನ ಇನ್ನೊಂದು ಊರು ಕಾಸರಗೋಡಿನ ಕಡಲತೀರದಲ್ಲಿಯೂ ಉಂಟು. ಇಲ್ಲಿ ಹೇಳುತ್ತಿರುವುದು ವೇದಾವತಿಯ ಕಡೆಯ, ತೆಂಗಿನ ತೋಟಗಳ ಹೊಸದುರ್ಗ.

ಈ ವಿಷಯಕ್ಕೆ ಈ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. 2011ರ ಜನಗಣತಿಯ ಪ್ರಕಾರ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16,59,456. ಅದೇ ಗಣತಿಯಲ್ಲಿ ಕರ್ನಾಟಕದ ಒಟ್ಟು ಜನರಲ್ಲಿ ಕ್ರೈಸ್ತರ ಪ್ರಮಾಣ ಶೇಕಡ 1.87. ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಒತ್ತಾಗಿ ನೆಲೆಸಿರುವ ಈ ಸಮುದಾಯ ದುರ್ಗದ ಬಯಲಿನಲ್ಲಿ ತೀರ ವಿರಳವಾದುದು. ಹಳ್ಳಿಯೊಂದರಲ್ಲಿ ನಾಲ್ಕು ಮನೆ, ಮತ್ತೊಂದು ಊರಿನಲ್ಲಿ ಶಾಲೆಯ ಉಪಾಧ್ಯಾಯರ ಒಂದು ಮನೆ, ರೈಲುನಿಲ್ದಾಣದ ಬಳಿ ವರ್ಗವಾಗಿ ಬಂದ ನೌಕರರ ಒಂದೆರಡು ಸಂಸಾರ, ತಾಲ್ಲೂಕಿನ ಆಸ್ಪತ್ರೆಯಲ್ಲಿ ದಾದಿಯೊಬ್ಬಳು: ಹೀಗೆ ಹರಡಿಹೋದವರಿಗೆ ಕೂಡಿ ನಡೆಯುವುದೆಂಬುದು ಉಪದೇಶದ ಒಂದು ಅಲಂಕಾರವಾಗಿ ಉಳಿಯಲಾರದು, ಕೂಡದೆ ಹೋದರೆ ಒಂದೆರಡು ತಲೆಮಾರಿನೊಳಗೆ ಆ ಶ್ರದ್ಧೆ ಊರಿನ ನೆನಪಿನಿಂದಲೂ ಅಳಿದುಹೋಗುತ್ತದೆ. ಆದುದರಿಂದ ದೊಡ್ಡ ನಗರದ ದೊಡ್ಡ ದೇವಾಲಯಕ್ಕಿಂತ ಹೊಳಲ್ಕೆರೆಯಂಥ ಊರಿನ ಹತ್ತು ಹನ್ನೆರಡು ಜನರ ಕೂಟದಲ್ಲಿ ಈ ತತ್ತ್ವದ ಸ್ವರೂಪ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆಂದು ನಮ್ಮ ಭಾವನೆ.

ಕನ್ನಡ ಕ್ರೈಸ್ತರ ನಿತ್ಯದ ಮಾತಿನಲ್ಲಿಯೇ ಈ ಅರ್ಥ ಹುದುಗಿದೆ. ಪ್ರಾಟೆಸ್ಟಂಟರು ಭಕ್ತಸಮೂಹಕ್ಕೆ ಸಭೆ ಎನ್ನುತ್ತಾರೆ. ಅದನ್ನು ನಡೆಸುವಾತ ಸಭಾಪಾಲಕ. ಕಟ್ಟಡಕ್ಕೆ ದೇವಾಲಯವೆಂಬ ಬೇರೆ ಹೆಸರಿರುವುದರಿಂದ, ಗೋಡೆ ಬಿದ್ದರೂ ಸಭೆ ಬೀಳಲಿಲ್ಲವೆಂದು ಹೇಳುವುದಕ್ಕೆ ನಮ್ಮ ಭಾಷೆಯಲ್ಲಿ ತೊಡಕಿಲ್ಲ. ಆದಿಸಭೆಯವರ ಪರಸ್ಪರ ಬಾಂಧವ್ಯವನ್ನು ಸೂಚಿಸಿದ ಕೊಯಿನೋನಿಯ ಎಂಬ ಗ್ರೀಕ್ ಪದಕ್ಕೆ ಭಾಷಾಂತರಕಾರರು ಅನ್ಯೋನ್ಯತೆ ಎಂಬ ಪದವನ್ನು ಆರಿಸಿಕೊಂಡರು. ಗಂಡಹೆಂಡಿರ ಸಾಮರಸ್ಯವನ್ನು ಕುರಿತು ಹಳ್ಳಿಯ ಅಜ್ಜಿಯೂ ಆಡುವ ಈ ಮಾತಿನಲ್ಲಿ ಅನ್ಯನೆಂಬ ಶಬ್ದ ಎರಡು ಬಾರಿ ಬಂದು, ಆ ಎರಡರ ನಡುವೆ ಪರಕೀಯತೆ ಕರಗಿಹೋಗುವ ಸೊಗಸನ್ನು ಗಮನಿಸಬೇಕು. ಕ್ರೈಸ್ತರೆಂಬ ಹೆಸರು ರೂಢಿಗೆ ಬರುವ ಮುನ್ನ ಯೇಸುವಿನ ಅನುಯಾಯಿಗಳನ್ನು ಮಾರ್ಗದವರೆಂದು ಕರೆಯುತ್ತಿದ್ದುದು ಅಪೊಸ್ತಲರ ಕೃತ್ಯಗಳಿಂದ ತಿಳಿಯುತ್ತದೆ. ಕಥೋಲಿಕರಲ್ಲಿ ಈಚೆಗೆ ಹೆಚ್ಚಾಗಿ ಕೇಳಿಬರುವ ಸಿನಡ್ ಎಂಬ ಶಬ್ದವೂ, ಕೂಡಿ ಎಂಬರ್ಥದ ಸಿನ್ ಮತ್ತು ದಾರಿ ಎಂಬರ್ಥದ ಹೊದೊಸ್ ಎಂಬ ಗ್ರೀಕ್ ಪದಗಳಿಂದಾದುದು. ಅದರ ಅಕ್ಷರಾರ್ಥವೇ ಸಹಯಾನ.

ಶಾಸ್ತ್ರದಲ್ಲಿ ಈ ಭಾವನೆಗೆ ಆಧಾರಗಳು ಹೇರಳವಾಗಿವೆ. ಯೇಸು ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಊರೂರಿಗೆ ಕಳುಹಿಸಿದನು. ಇಬ್ಬರು ಮೂವರು ತನ್ನ ಹೆಸರಿನಲ್ಲಿ ಕೂಡಿದೆಡೆಯಲ್ಲಿ ತಾನಿರುವುದಾಗಿ ಹೇಳಿದನು. ಪೌಲನು ಕೊರಿಂಥದ ಸಭೆಗೆ ಬರೆಯುತ್ತ, ಕಣ್ಣು ಕೈಗೆ ನೀನು ಬೇಡವೆನ್ನಲಾಗದ ಒಂದೇ ದೇಹಕ್ಕೆ ಸಭೆಯನ್ನು ಹೋಲಿಸಿದನು. ಇವೆಲ್ಲಕ್ಕಿಂತ ಹೃದ್ಯವಾದುದು ಲೂಕನು ಹೇಳುವ ಎಮ್ಮಾಹುವಿನ ಪ್ರಸಂಗ. ಗುರುವಿನ ಮರಣದಿಂದ ಎದೆಯೊಡೆದು, ಯೆರೂಸಲೇಮಿನಿಂದ ಸುಮಾರು ಏಳು ಮೈಲಿ ದೂರದ ಹಳ್ಳಿಗೆ ಮಾತಾಡುತ್ತ ಹೊರಟಿದ್ದ ಇಬ್ಬರ ಜೊತೆಗೆ ಮೂರನೆಯವನೊಬ್ಬ ಬಂದು ಸೇರುತ್ತಾನೆ. ದಾರಿಯುದ್ದಕ್ಕೂ ಅವನಾರೆಂಬುದು ಅವರಿಗೆ ತಿಳಿಯದು. ಸಂಜೆಯಾಯಿತು, ನಮ್ಮಲ್ಲಿಯೇ ಉಳಿದುಕೋ ಎಂದು ಒತ್ತಾಯಮಾಡಿ ಊಟಕ್ಕೆ ಕೂರಿಸಿಕೊಂಡಾಗ, ಅವನು ರೊಟ್ಟಿಯನ್ನು ಮುರಿದ ಕ್ಷಣದಲ್ಲಿ, ಅವರ ಕಣ್ಣು ತೆರೆಯುತ್ತದೆ. ಬಯಲುಸೀಮೆಯ ಕೇಳುಗನಿಗೆ ಈ ಕಥೆಗೆ ಟೀಕೆ ಬೇಕಿಲ್ಲ. ಹೊತ್ತು ಮುಳುಗಿದ ಮೇಲೆ ದಾರಿಹೋಕನನ್ನು ಉಣಿಸದೆ ಕಳುಹಿಸದ ಮನೆಗಳು ಹಿರಿಯೂರಿನ ಸುತ್ತಲ ಹಳ್ಳಿಗಳಲ್ಲಿ ಇಂದಿಗೂ ಇವೆ.

ಏಕಾಂತದ ಸಾಧನೆಗೂ ಕ್ರೈಸ್ತಧರ್ಮದಲ್ಲಿ ಪ್ರಾಚೀನ ಪರಂಪರೆಯಿದೆ. ಈಜಿಪ್ಟಿನ ಮರುಭೂಮಿಗೆ ಹೋಗಿ ನೆಲೆಸಿದ ಸಂತ ಅಂತೋಣಿ 356ರಲ್ಲಿ ತೀರಿಕೊಳ್ಳುವ ವೇಳೆಗೆ ಅವನನ್ನು ಅನುಸರಿಸಿದ ತಪಸ್ವಿಗಳು ಅನೇಕರಿದ್ದರು. ಆದರೆ ಅದೇ ಶತಮಾನದಲ್ಲಿ ಅದೇ ದೇಶದ ಪಕೋಮಿಯಸನು ಒಂಟಿ ಗುಡಿಸಲುಗಳನ್ನು ಒಟ್ಟುಗೂಡಿಸಿ ಸಹಜೀವನದ ಮಠವನ್ನು ಕಟ್ಟಿದನು. ಅವನ ತರುವಾಯ ಬಂದ ಸಂತ ಬಾಸಿಲನು, ಒಬ್ಬನೇ ಇರುವವನು ಯಾರ ಪಾದಗಳನ್ನು ತೊಳೆದಾನು ಎಂಬ ಅರ್ಥದ ಪ್ರಶ್ನೆಯನ್ನೆತ್ತಿ, ವಿನಯವೂ ತಾಳ್ಮೆಯೂ ಎದುರಿಗೊಬ್ಬನಿಲ್ಲದೆ ಅಭ್ಯಾಸವಾಗಲಾರವೆಂದು ವಾದಿಸಿದನು. ಹದಿನೇಳನೆಯ ಶತಮಾನದಲ್ಲಿ ಜಾನ್ ಬನ್ಯನನು ಬರೆದ ಯಾತ್ರಿಕನ ರೂಪಕಕಥೆ ಮಿಶನರಿಗಳ ಮೂಲಕ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡಕ್ಕೆ ಬಂದು, ಮನೆಮನೆಯಲ್ಲಿ ಓದಲ್ಪಟ್ಟಿತು. 1678ರಲ್ಲಿ ಪ್ರಕಟವಾದ ಮೊದಲನೆಯ ಭಾಗದಲ್ಲಿ ಕಥಾನಾಯಕನು ಹೆಂಡತಿಮಕ್ಕಳನ್ನು ಹಿಂದೆ ಬಿಟ್ಟು ಕಿವಿ ಮುಚ್ಚಿಕೊಂಡು ಓಡುತ್ತಾನೆ. 1684ರ ಎರಡನೆಯ ಭಾಗದಲ್ಲಿ ಅದೇ ಹೆಂಡತಿ ಮಕ್ಕಳನ್ನೂ ನೆರೆಮನೆಯ ಹುಡುಗಿಯನ್ನೂ ಕರೆದುಕೊಂಡು ಹೊರಡುತ್ತಾಳೆ, ದಾರಿಯಲ್ಲಿ ಕುಂಟರೂ ಅಂಜುಬುರುಕರೂ ಸೇರಿಕೊಳ್ಳುತ್ತಾರೆ, ಮಾರ್ಗದರ್ಶಿಯಾದ ವೀರನು ಎಲ್ಲರಿಗಿಂತ ನಿಧಾನವಾದವನ ಹೆಜ್ಜೆಗೆ ತನ್ನ ಹೆಜ್ಜೆಯನ್ನು ಹೊಂದಿಸುತ್ತಾನೆ. ಮೊದಲ ಭಾಗವೇ ಹೆಚ್ಚು ಪ್ರಸಿದ್ಧವಾದರೂ, ಸಭೆಯ ಜೀವನವನ್ನು ಬಲ್ಲವರಿಗೆ ಎರಡನೆಯ ಭಾಗವೇ ಹೆಚ್ಚು ನಿಜವೆನಿಸುತ್ತದೆ.

ಈ ಪರಂಪರೆ ಮೈಸೂರು ಸಂಸ್ಥಾನಕ್ಕೆ ಬಂದುದು ಮುಖ್ಯವಾಗಿ ವೆಸ್ಲಿಯನ್ ಮಿಶನ್ನಿನ ಮೂಲಕ. ಇಂಗ್ಲೆಂಡಿನ ಜಾನ್ ವೆಸ್ಲಿ (1703–1791) 1739ರಲ್ಲಿ ತಮ್ಮನಾದ ಚಾರ್ಲ್ಸನೊಡನೆ ಹೊರತಂದ ಕೀರ್ತನಸಂಗ್ರಹದ ಮುನ್ನುಡಿಯಲ್ಲಿಯೇ, ಒಂಟಿಯಾಗಿ ಸಾಧಿಸತಕ್ಕ ಪರಿಶುದ್ಧತೆಯೆಂಬುದು ಸುವಾರ್ತೆಗೆ ಅಪರಿಚಿತವೆಂದು ಖಂಡತುಂಡವಾಗಿ ಸಾರಿದ್ದನು. ಆದರೆ ಆ ಮಾತಿಗೆ ಮೈ ಬಂದುದು 1742ರಲ್ಲಿ, ಅದೂ ಸಾಲದ ಕಾರಣದಿಂದ. ಬ್ರಿಸ್ಟಲ್ ಪಟ್ಟಣದ ಕೂಟಮಂದಿರವನ್ನು ಕಟ್ಟಿದ ಸಾಲ ತೀರದಿರಲು, ಪ್ರತಿಯೊಬ್ಬ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಲೆಂದು ಫಾಯ್ ಎಂಬ ಕಪ್ತಾನನು ಸೂಚಿಸಿದನು. ಬಡವರು ಅದನ್ನೂ ಕೊಡಲಾರರೆಂದು ಒಬ್ಬರು ಹೇಳಲು, ಹನ್ನೊಂದು ಮಂದಿ ಬಡವರನ್ನು ನನ್ನ ಪಾಲಿಗೆ ಬಿಡಿ, ಅವರು ಕೊಡದಿದ್ದುದನ್ನು ನಾನು ತುಂಬುತ್ತೇನೆಂದು ಆತ ಒಪ್ಪಿಕೊಂಡನು. ಕಾಸು ಎತ್ತಲೆಂದು ವಾರವಾರವೂ ಮನೆಗೆ ಹೋದವರಿಗೆ ಒಂದು ಕಡೆ ಜ್ವರ, ಒಂದು ಕಡೆ ಜಗಳ, ಒಂದು ಕಡೆ ಕುಡಿತ, ಮತ್ತೊಂದು ಕಡೆ ಯಾರಿಗೂ ಹೇಳಿಕೊಳ್ಳದ ದುಃಖ ಕಂಡವು. ಹೀಗೆ ವಸೂಲಿಯ ವ್ಯವಸ್ಥೆ ಪರಸ್ಪರ ಪಾಲನೆಯ ವ್ಯವಸ್ಥೆಯಾಗಿ ಮಾರ್ಪಟ್ಟು, ಸುಮಾರು ಹನ್ನೆರಡು ಜನರ, ಕ್ಲಾಸ್ ಎಂದು ಹೆಸರಾದ ಕೂಟ ಹುಟ್ಟಿತು. ವಾರಕ್ಕೊಮ್ಮೆ ಕೂಡಿದಾಗ ನಾಯಕನು ಪ್ರತಿಯೊಬ್ಬರನ್ನೂ ಅವರವರ ಆತ್ಮದ ಯೋಗಕ್ಷೇಮವನ್ನು ಕುರಿತು ಕೇಳುವನು; ಕೇಳಿಸಿಕೊಂಡವರೆಲ್ಲರೂ ಅವರಿಗಾಗಿ ಪ್ರಾರ್ಥಿಸುವರು. ವೆಸ್ಲಿಯ ಚಳವಳಿ ಅವನ ತರುವಾಯವೂ ಉಳಿದುದಕ್ಕೆ ಅವನ ಉಪನ್ಯಾಸಗಳಿಗಿಂತ ಈ ಪುಟ್ಟ ಕೂಟವೇ ಹೆಚ್ಚಿನ ಕಾರಣವೆಂದು ನಿಸ್ಸಂಕೋಚವಾಗಿ ಹೇಳಬಹುದು.

ವೆಸ್ಲಿಯನ್ನರು 1821ರಲ್ಲಿ ಬೆಂಗಳೂರಿಗೆ ಬಂದರು. 1837ರಲ್ಲಿ ಥಾಮಸ್ ಹಾಡ್ಸನ್ ಅವರ ಮೂಲಕ ತುಮಕೂರು ಸೀಮೆಯ ಗುಬ್ಬಿಯಲ್ಲಿ ಕನ್ನಡದ ಕೆಲಸ ನೆಲೆಗೊಂಡಿತು. ಗುಬ್ಬಿಯಲ್ಲಿದ್ದು ಕನ್ನಡ ಕಲಿತ ವಿಲಿಯಂ ಆರ್ಥರ್ 1847ರಲ್ಲಿ ಪ್ರಕಟಿಸಿದ ಗ್ರಂಥ ಅಂದಿನ ಮೈಸೂರಿನ ಗ್ರಾಮಜೀವನವನ್ನು ಅರಿಯಲು ಇಂದಿಗೂ ಉಪಯುಕ್ತವಾಗಿದೆ. ಉತ್ತರದ ಗಡಿಯಾಚೆಯ ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ನೆಲೆಸಿ ಭಾಷಾಂತರಕ್ಕೆ ತೊಡಗಿದ್ದರು. ಇಡೀ ಬೈಬಲ್ ಕನ್ನಡದಲ್ಲಿ ಮುದ್ರಣಗೊಂಡು ಮುಗಿದುದು 1831ರಲ್ಲಿ. ಇವೆರಡು ನೆಲೆಗಳ ನಡುವೆ ಬಿದ್ದಿದ್ದ ದುರ್ಗದ ಸೀಮೆ, ಸಂಸ್ಥಾನದ ಭಾಗವಾದುದರಿಂದ, ವೆಸ್ಲಿಯನ್ನರ ಕ್ಷೇತ್ರಕ್ಕೆ ಸೇರಿತು. 1876ರಿಂದ 1878ರವರೆಗಿನ ಧಾತು ಈಶ್ವರದ ಬರದಲ್ಲಿ ಸಂಸ್ಥಾನದ ಜನರಲ್ಲಿ ಐದರಲ್ಲೊಂದು ಪಾಲಿನಷ್ಟು ಮಂದಿ ಇಲ್ಲವಾದರು; ತಂದೆತಾಯಿಗಳನ್ನು ಕಳೆದುಕೊಂಡು ಮಿಶನ್ನಿನ ಅನಾಥಾಲಯಗಳಲ್ಲಿ ಬೆಳೆದ ಮಕ್ಕಳಿಗೆ ಸಭೆಯೇ ಬಂಧುಬಳಗವಾಯಿತು. ಮೈಸೂರಿನ ಎಷ್ಟೋ ಹಳೆಯ ಕ್ರೈಸ್ತ ಮನೆತನಗಳ ವಂಶವೃಕ್ಷ ಆ ಬರದಿಂದೀಚೆಗೆ ಮಾತ್ರ ಆರಂಭವಾಗುತ್ತದೆ. ಅಲ್ಲಿಂದ ಹಿಂದಕ್ಕೆ ಹೆಸರುಗಳಿಲ್ಲ.

ಹರಡಿದ ಊರುಗಳನ್ನು ಒಂದು ಸರ್ಕಿಟ್ಟಾಗಿ ಕಟ್ಟಿ, ಒಬ್ಬ ಪಾದ್ರಿಗೆ ಹಲವು ಹಳ್ಳಿಗಳ ಸರದಿಯನ್ನು ಒಪ್ಪಿಸುವುದು ವೆಸ್ಲಿಯ ಅನುಯಾಯಿಗಳಾದ ಮೆಥಡಿಸ್ಟರ ಪದ್ಧತಿ. ಪಾದ್ರಿ ಬರುವುದು ತಿಂಗಳಿಗೊಮ್ಮೆಯೋ ಎರಡು ಸಲವೋ ಆದುದರಿಂದ, ನಡುವಣ ದಿನಗಳಲ್ಲಿ ಸಭೆಯನ್ನು ಹಿಡಿದು ನಿಲ್ಲಿಸಿದವರು ಉಪದೇಶಿಗಳೂ, ಸೆರಗಿನಲ್ಲಿ ಪುಸ್ತಕ ಸುತ್ತಿಕೊಂಡು ಹಿತ್ತಲ ಬಾಗಿಲುಗಳಿಂದ ಹೆಂಗಸರ ಬಳಿಗೆ ಹೋಗುತ್ತಿದ್ದ, ಬೈಬಲ್ ಸ್ತ್ರೀಯರೆಂಬ ಸೇವಿಕೆಯರೂ. ಇತಿಹಾಸದ ಪುಟಗಳಲ್ಲಿ ಮಿಶನರಿಗಳ ಹೆಸರುಗಳಿವೆ. ಇವರ ಹೆಸರುಗಳು ಬಹುಪಾಲು ಇಲ್ಲ. ಬಿಸಿಲಿನಲ್ಲಿ ಕರಿಮಣ್ಣಿನ ಹೊಲಗಳ ಬದುವಿನ ಮೇಲೆ ನಡೆದು ಈ ಶ್ರದ್ಧೆಯನ್ನು ಮನೆಯಿಂದ ಮನೆಗೆ ಮುಟ್ಟಿಸಿದವರು ಅವರೇ ಆದುದರಿಂದ, ಈ ಲೇಖನದ ಗೌರವ ಮೊದಲು ಅವರಿಗೆ ಸಲ್ಲತಕ್ಕದ್ದು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್ನರೂ ಮೆಥಡಿಸ್ಟರೂ, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪಂಥಗಳು ಮೊದಲೇ ಕೂಡಿ ಆಗಿದ್ದ ಐಕ್ಯಸಭೆಯವರೂ ಒಂದಾಗಿ ದಕ್ಷಿಣ ಭಾರತ ಸಭೆಯನ್ನು ಸ್ಥಾಪಿಸಿದರು. ದೇಶ ಎರಡಾಗಿ ಆರು ವಾರವಷ್ಟೇ ಕಳೆದಿದ್ದ ಆ ದಿನಗಳಲ್ಲಿ ಈ ಕೂಡುವಿಕೆಗೆ ಒಂದು ವಿಶೇಷ ಅರ್ಥವಿತ್ತು. ಹೊಸ ಸಭೆ 1950ರಲ್ಲಿ ಸಿದ್ಧಪಡಿಸಿದ ಪ್ರಭುಭೋಜನದ ಕ್ರಮದಲ್ಲಿ, ಪಶ್ಚಿಮದ ಸಭೆಗಳಲ್ಲಿ ಬಹುಕಾಲ ಸೊರಗಿಹೋಗಿದ್ದ ಶಾಂತಿವಿನಿಮಯದ ವಿಧಿಗೆ ಮರುಜೀವ ಬಂದಿತು. ಅದನ್ನು ಹತ್ತಿರದಿಂದ ನೋಡಬೇಕು. ಸಭಾಪಾಲಕನು ಪೀಠದ ಬಳಿ ಇರುವವರ ಜೋಡಿಸಿದ ಕೈಗಳ ನಡುವೆ ತನ್ನ ಬಲಗೈಯನ್ನಿಟ್ಟು ಶಾಂತಿಯನ್ನು ಕೊಡುತ್ತಾನೆ. ಕೊಡುವವನ ಬಲ ಅಂಗೈ ಕೊಳ್ಳುವವನ ಬಲ ಅಂಗೈಗೆ ತಾಗಿ, ಇಬ್ಬರ ಎಡಗೈಗಳೂ ಹೊರಗಿನಿಂದ ಮುಚ್ಚಿಕೊಳ್ಳುತ್ತವೆ. ಅಲ್ಲಿಂದ ಅದು ಸಾಲಿನಿಂದ ಸಾಲಿಗೆ, ಒಬ್ಬರಿಂದೊಬ್ಬರಿಗೆ ಸಾಗಿ, ಬಾಗಿಲ ಬಳಿ ಚಾಪೆಯ ಮೇಲೆ ಮಗುವಿನೊಡನೆ ಕುಳಿತ ತಾಯಿಯವರೆಗೆ ತಲುಪುತ್ತದೆ. ನಡುವೆ ಒಬ್ಬನು ಕೈ ನೀಡದಿದ್ದರೆ ಅವನ ಹಿಂದಿನವರಿಗೆ ಅದು ಮುಟ್ಟುವುದಿಲ್ಲ. ಮುಟ್ಟುವುದು ಮುಟ್ಟದಿರುವುದು ಎಂಬುದರ ಮೇಲೆಯೇ ಮನುಷ್ಯರನ್ನು ಅಳೆದ ದೇಶದಲ್ಲಿ, ಆಳಿನ ಕೈಯಿಂದ ಒಡೆಯನ ಕೈಗೂ ಈ ಶಾಂತಿ ಹಾಯಬೇಕಾಗಿ ಬಂದುದು ಸಾಮಾನ್ಯ ಸಂಗತಿಯಲ್ಲ. ಮುಂದೆ ಅನ್ಯದೇಶಗಳ ಅನೇಕ ಸಭೆಗಳು ತಮ್ಮ ಆರಾಧನಾಕ್ರಮವನ್ನು ತಿದ್ದಿಕೊಳ್ಳುವಾಗ ದಕ್ಷಿಣ ಭಾರತದ ಈ ಮೇಲ್ಪಂಕ್ತಿಯನ್ನು ನೋಡಿದವು.

ಕಥೋಲಿಕರ ಇತಿಹಾಸ ಇದಕ್ಕಿಂತ ಹಳೆಯದು; ಲಿಯೊನಾರ್ಡೊ ಚಿನ್ನಾಮಿ ಎಂಬ ಜೆಸ್ಯುಯಿಟ್ ಪಾದ್ರಿ ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಂದಿನಿಂದ ಮೈಸೂರು ಮಿಶನ್ ಆರಂಭವಾಗುತ್ತದೆ. ಪ್ರಕೃತ ಚಿತ್ರದುರ್ಗ ಜಿಲ್ಲೆ, 1988ರ ನವೆಂಬರ್ 14ರಂದು ಸ್ಥಾಪಿತವಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ (1962–1965) ಧರ್ಮಸಭೆಯನ್ನು ಯಾತ್ರೆಯಲ್ಲಿರುವ ದೇವಜನರೆಂದು ವರ್ಣಿಸಿದ ಮೇಲೆ, ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಬಲಿಪೂಜೆ ಕನ್ನಡದಲ್ಲಿ ನಡೆಯತೊಡಗಿತು. ಜಪಸರ ಎಣಿಸುತ್ತ ಮೌನವಾಗಿರುತ್ತಿದ್ದವರು ಉತ್ತರ ಕೊಡುವವರಾದರು, ಹಾಡುವವರಾದರು. ನೆರೆಹೊರೆಯ ಮನೆಗಳು ಸರದಿಯಂತೆ ಕೂಡಿ ಶುಭಸಂದೇಶವನ್ನೋದಿ ಚರ್ಚಿಸುವ ಕಿರು ಕ್ರೈಸ್ತ ಸಮುದಾಯಗಳು ಆ ಚಿಂತನೆಯ ಫಲ. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಆರಂಭಿಸಿ 2024ರಲ್ಲಿ ಮುಗಿದ ಸಿನಡ್ಡಿನ ಪ್ರಕ್ರಿಯೆಯಲ್ಲಿ, ಪ್ರಪಂಚದ ಎಲ್ಲ ಧರ್ಮಕ್ಷೇತ್ರಗಳಂತೆ ಇಲ್ಲಿಯವರಿಗೂ ಕೂಡಿ ಕುಳಿತು ಒಬ್ಬರನ್ನೊಬ್ಬರು ಆಲಿಸಿರೆಂಬ ಕರೆ ಬಂದಿತ್ತು.

1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದು ಈಗ ದಾವಣಗೆರೆ ಜಿಲ್ಲೆಯಲ್ಲಿರುವ ಹರಿಹರದ ಆರೋಗ್ಯಮಾತೆಯ ಕ್ಷೇತ್ರ ಈ ಭಾಗದ ಸಹಯಾತ್ರೆಯ ಪ್ರತ್ಯಕ್ಷ ರೂಪ. ಸೆಪ್ಟೆಂಬರ್ 8ರ ಉತ್ಸವಕ್ಕೆ ಒಂಬತ್ತು ದಿನಗಳ ಪ್ರಾರ್ಥನೆ ಮುನ್ನುಡಿ. ನಡೆದು ಬರುವವರುಂಟು, ಹರಕೆ ಹೊತ್ತು ಬರುವವರುಂಟು. ಬಂದವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರಷ್ಟೇ ಸಹಜವಾಗಿ ಮೇಣದಬತ್ತಿ ಹಚ್ಚುತ್ತಾರೆ. ಹರಿಯನ್ನೂ ಹರನನ್ನೂ ಒಂದೇ ವಿಗ್ರಹದಲ್ಲಿ ಕಂಡ ಊರಿಗೆ ಇದು ಒಪ್ಪುವಂಥದೇ ಆಗಿದೆ.

ಇಂಥ ಸಹಜತೆಗೆ ಈ ನೆಲದ ಪೂರ್ವಸಂಸ್ಕಾರವೂ ಕಾರಣವೆಂಬುದನ್ನು ಮರೆಯಲಾಗದು. ಮುರುಘಾಮಠದ ಶೂನ್ಯಪೀಠ, ಸಿರಿಗೆರೆಯ ತರಳಬಾಳು ಪೀಠ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಇವುಗಳ ನಾಡಿನಲ್ಲಿ, ಅನುಭಾವವನ್ನು ಹಲವರು ಕುಳಿತು ಮಾತಾಡಿ ಹಂಚಿಕೊಳ್ಳತಕ್ಕ ವಿಷಯವೆಂದು ಶರಣರು ಎಂಟುನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದರು. ದಾಸೋಹದ ಪಂಕ್ತಿಯನ್ನು ಬಲ್ಲವನಿಗೆ ಪ್ರಭುಭೋಜನದ ಪಂಕ್ತಿ ತೀರ ಹೊಸತಾಗಿ ಕಾಣಲಿಲ್ಲ. ನೆರೆಯ ಬಳ್ಳಾರಿ ಸೀಮೆಯ ಹಡಗಲಿ ತಾಲ್ಲೂಕಿನವರಾದ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962) ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿದ್ದು, ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಸಂಪಾದಿಸಿದುದಲ್ಲದೆ ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತು ಗ್ರಂಥವನ್ನೇ ರಚಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕ್ರೈಸ್ತ ಪಾದ್ರಿಯೊಬ್ಬರು ಶರಣರ ಗೋಷ್ಠಿಗಾಗಿ ವಾದಿಸಲು ನಿಂತುದನ್ನು ಸಹಯಾತ್ರೆಯ ಚರಿತ್ರೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು.

ವರ್ಷದ ಕೂಟಗಳಲ್ಲಿ ಬಯಲುಸೀಮೆಗೆ ಅತ್ಯಂತ ಹತ್ತಿರವಾದುದು ಸುಗ್ಗಿಯ ಹಬ್ಬ. ಆ ಭಾನುವಾರ ದೇವಾಲಯದ ಪೀಠದ ಮುಂದೆ ರಾಗಿಯ ತೆನೆ, ಜೋಳ, ಶೇಂಗಾ, ಈರುಳ್ಳಿಯ ಜಡೆ, ಹೊಸದುರ್ಗದ ಕಡೆಯ ತೆಂಗಿನಕಾಯಿ, ಹೊಳಲ್ಕೆರೆಯ ತೋಟದ ಅಡಕೆಗೊನೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ, ಹೊಲವಿಲ್ಲದವರ ಮನೆಯಿಂದ ಬಂದ ಸೇರು ಸಕ್ಕರೆ ಎಲ್ಲವೂ ಒಟ್ಟಾಗಿ ಬೀಳುತ್ತವೆ. ಆರಾಧನೆ ಮುಗಿದೊಡನೆ ಅಂಗಳದಲ್ಲಿ ಹರಾಜು. ಹತ್ತು ರೂಪಾಯಿಯ ಕಾಯಿಯನ್ನು ನೂರಕ್ಕೆ ಕೂಗಿ ಕೊಂಡವನು ಅದನ್ನು ಮತ್ತೆ ಸಭೆಗೇ ಕೊಡುತ್ತಾನೆ, ಅದು ಮತ್ತೆ ಹರಾಜಾಗುತ್ತದೆ. ಮಕ್ಕಳು ಕೋಳಿಯ ಹಿಂದೆ ಓಡುತ್ತಾರೆ. ಲೆಕ್ಕ ಬರೆಯುವ ಹಿರಿಯರು ಕನ್ನಡಕವನ್ನು ಹಣೆಗೇರಿಸಿ ಯಾರ ಹೆಸರಿಗೆ ಎಂದು ಕೇಳುತ್ತಲೇ ಇರುತ್ತಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ರಾಶಿ ಚಿಕ್ಕದಾಗುತ್ತದೆ, ಮಳೆಗಾಗಿ ಮಾಡುವ ಪ್ರಾರ್ಥನೆ ದೀರ್ಘವಾಗುತ್ತದೆ. 1907ರಲ್ಲಿ ಪೂರ್ಣಗೊಂಡ ಹಿರಿಯೂರಿನ ವಾಣಿವಿಲಾಸಸಾಗರ 1933ರ ತರುವಾಯ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ, ಕಟ್ಟೆಯ ಮೇಲೆ ನೆರೆದ ಜನರಲ್ಲಿ ಯಾರ ಪ್ರಾರ್ಥನೆಗೆ ನೀರು ಬಂದಿತೆಂದು ಕೇಳುವ ಮನಸ್ಸು ಯಾರಿಗೂ ಇರಲಾರದು.

ಈ ಸಹಯಾತ್ರೆ ಎಲ್ಲ ಕಾಲದಲ್ಲಿಯೂ ತನ್ನ ಹೆಸರಿಗೆ ತಕ್ಕಂತೆ ನಡೆದಿದೆಯೆಂದರೆ ಸತ್ಯಕ್ಕೆ ಅಪಚಾರವಾದೀತು. ಜಾತಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದೆವೆಂದವರು ಮದುವೆಯ ಮಾತು ಬಂದಾಗ ಅದನ್ನು ಮರಳಿ ಎತ್ತಿಕೊಂಡುದುಂಟು. ಐಕ್ಯದ ತರುವಾಯ ಹೊಸ ಪಂಥಗಳು ತಲೆಯೆತ್ತಿ, ಒಂದೇ ಬೀದಿಯ ನಾಲ್ಕು ಮನೆಯವರು ಭಾನುವಾರ ನಾಲ್ಕು ಕಡೆಗೆ ಹೋಗುವುದನ್ನು ಚಿಕ್ಕ ಊರುಗಳಲ್ಲಿಯೂ ಕಾಣಬಹುದು. ಓದಿದ ಮಕ್ಕಳು ಬೆಂಗಳೂರಿಗೆ ಹೋಗಿ ನೆಲೆಸಿದ ಮೇಲೆ ಹಳ್ಳಿಯ ಸಭೆಯಲ್ಲಿ ಉಳಿಯುವವರು ಮುದುಕರು. ಹಾಡನ್ನೆತ್ತಿಕೊಡುವ ದನಿಯೂ ಅವರದೇ, ಸಮಾಧಿಗೆ ಪೆಟ್ಟಿಗೆ ಹೊರುವ ಹೆಗಲೂ ಅವರದೇ ಆಗಿರುತ್ತದೆ. ಅಂಥ ದಿನಗಳಲ್ಲಿ ಪಕ್ಕದ ಮನೆಯ ಲಿಂಗಾಯತರೂ ನಾಯಕರೂ ಗೊಲ್ಲರೂ ಹೆಗಲು ಕೊಡುತ್ತಾರೆ. ಮತ್ತೊಂದು ಅಪಾಯವೂ ಉಂಟು. ಕೂಟವೆಂಬುದು ಕಾವಲಾಗಿ ಮಾರ್ಪಟ್ಟು, ಸಂಕೋಚದ ಮನುಷ್ಯನ ಏಕಾಂತವನ್ನು ಕಿತ್ತುಕೊಳ್ಳಬಹುದು. ಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥಿಸೆಂದು ಹೇಳಿದವನೂ ಯೇಸುವೇ. ಆದರೆ ಆ ಕೋಣೆಯೊಳಗೆ ಕಲಿಸಿದ ಪ್ರಾರ್ಥನೆ ನನ್ನ ಎಂದು ಆರಂಭವಾಗದೆ ನಮ್ಮ ಎಂದು ಆರಂಭವಾಗುತ್ತದೆಂಬುದನ್ನು ಜೊತೆಗೆ ನೆನೆಯಬೇಕು.

ಡಿಸೆಂಬರಿನ ಮೂರನೆಯ ವಾರದಿಂದ ಈ ಊರುಗಳಲ್ಲಿ ಕ್ಯಾರಲ್ ತಂಡಗಳು ಹೊರಡುತ್ತವೆ. ಹತ್ತಿಪ್ಪತ್ತು ಮಂದಿ ಹುಡುಗಹುಡುಗಿಯರು, ಒಂದು ಡೋಲಕ್ಕು, ಹಾರ್ಮೋನಿಯಂ ಅಥವಾ ಗಿಟಾರು, ಬಣ್ಣದ ಕಾಗದ ಅಂಟಿಸಿದ ನಕ್ಷತ್ರ, ಬಾಡಿಗೆಯ ಟೆಂಪೊ. ಮನೆಗಳು ದೂರದೂರವಾದುದರಿಂದ ಒಂದು ರಾತ್ರಿಗೆ ಆರೇಳು ಮನೆಯಾದರೆ ಹೆಚ್ಚು. ಪ್ರತಿ ಮನೆಯಲ್ಲಿಯೂ ಎರಡು ಹಾಡು, ಒಂದು ಪ್ರಾರ್ಥನೆ, ಕರ್ಜಿಕಾಯಿ, ಚಕ್ಕುಲಿ, ಬಿಸಿ ಕಾಫಿ. ಹೊರಡುವಾಗ ಆ ಮನೆಯ ಒಬ್ಬರು ಶಾಲು ಹೊದ್ದು ತಂಡದ ಜೊತೆಗೆ ಹತ್ತಿಕೊಳ್ಳುತ್ತಾರೆ. ಕಡೆಯ ಮನೆ ತಲುಪುವ ಹೊತ್ತಿಗೆ ನಡುರಾತ್ರಿ ಮೀರಿರುತ್ತದೆ, ತಂಡ ಹೊರಟಾಗಿನ ಎರಡರಷ್ಟಾಗಿರುತ್ತದೆ. ಅಲ್ಲಿ ಒಬ್ಬಳೇ ಇರುವ ಮುದುಕಿ ಸಂಜೆಯಿಂದಲೂ ಚಿಲಕ ಹಾಕದೆ, ಅಂಗಳಕ್ಕೆ ನೀರು ಹಾಕಿ, ಬಾಗಿಲಲ್ಲಿ ದೀಪವಿಟ್ಟು ಕುಳಿತಿರುತ್ತಾಳೆ.